ಕ್ರೀಡಾ ಪಿಸ್ತೂಲು: ಹಣ ಹೋಗುವುದೆಲ್ಲಿ, ಗುರಿ ತಪ್ಪುವುದೆಲ್ಲಿ

ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರಿಸಿ, ಖಾಲಿಯಾದ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ನಳಿಗೆಗೆ ತುಂಬಿಕೊಳ್ಳುವ ಪಿಸ್ತೂಲಿಗೆ ಸೆಮಿ-ಆಟೊಮ್ಯಾಟಿಕ್ ಎನ್ನುತ್ತಾರೆ. ಬೆರಳು ಸಡಿಲಿಸಿ ಮತ್ತೆ ಎಳೆಯದ ಹೊರತು ಎರಡನೆಯ ಗುಂಡು ಹಾರುವುದಿಲ್ಲ. ಸೇನೆ, ಪೊಲೀಸರ ಸೊಂಟದಲ್ಲಿರುವುದೂ ಬಹುಮಟ್ಟಿಗೆ ಇದೇ ಜಾತಿಯದು. ಆದರೆ ಕ್ರೀಡಾಪಟುವಿನ ಕೈಯಲ್ಲಿರುವ ಪಿಸ್ತೂಲಿನ ಉದ್ದೇಶವೇ ಬೇರೆ, ಆದ್ದರಿಂದ ಅದರ ರಚನೆಯೂ ಬೇರೆ. ಅದು ಯಾರನ್ನೂ ತಡೆಯಬೇಕಿಲ್ಲ, ಕೆಸರಲ್ಲಿ ಬಿದ್ದು ಎದ್ದು ಕೆಲಸ ಮಾಡಬೇಕಿಲ್ಲ, ಜೇಬಿನಲ್ಲಿ ಅಡಗಬೇಕಿಲ್ಲ. 25 ಮೀಟರ್ ದೂರದ ಕಾಗದದ ಮೇಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಗುಂಡು ಕಳಿಸಿದರೆ ಅದರ ಕೆಲಸ ಮುಗಿಯಿತು.

ಒಲಿಂಪಿಕ್ಸ್‌ನಲ್ಲಿ ಇಂಥ ಪಿಸ್ತೂಲು ಬಳಸುವ ಸ್ಪರ್ಧೆಗಳು ಎರಡು. ಪುರುಷರ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಸಾಲಾಗಿ ನಿಂತ ಐದು ಗುರಿಫಲಕಗಳಿಗೆ ಒಂದೊಂದು ಗುಂಡು ಹೊಡೆಯಬೇಕು. ಮೊದಲು 8 ಸೆಕೆಂಡು, ನಂತರ 6, ಕೊನೆಗೆ 4 ಸೆಕೆಂಡಿನಲ್ಲಿ ಐದೂ ಮುಗಿಯಬೇಕು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲಿ. ಮಹಿಳೆಯರ 25 ಮೀಟರ್ ಪಿಸ್ತೂಲಿನಲ್ಲಿ ಅರ್ಧ ಸ್ಪರ್ಧೆ ನಿಧಾನದ್ದು. ಉಳಿದರ್ಧದಲ್ಲಿ ಫಲಕ ಮೂರು ಸೆಕೆಂಡು ಮಾತ್ರ ಗುರಿಗೆ ಸಿಗುತ್ತದೆ; ಕೆಳಗಿಳಿಸಿದ ಕೈಯನ್ನು ಅಷ್ಟರಲ್ಲಿ ಎತ್ತಿ ಒಂದು ಗುಂಡು ಹೊಡೆಯಬೇಕು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ನಾಲ್ಕನೆಯ ಸ್ಥಾನಕ್ಕೆ ನಿಂತು ಮೂರನೆಯ ಪದಕ ಕಳೆದುಕೊಂಡದ್ದು ಈ ಸ್ಪರ್ಧೆಯಲ್ಲೇ.

ಎರಡಕ್ಕೂ ಬಳಸುವ ತೋಟಾ ಒಂದೇ, ಪಾಯಿಂಟ್ ಟೂ ಟೂ ಲಾಂಗ್ ರೈಫಲ್. 1887ರಿಂದ ಬಳಕೆಯಲ್ಲಿರುವ ಇದು ಜಗತ್ತಿನ ಅತಿ ಅಗ್ಗದ ತೋಟಾಗಳಲ್ಲಿ ಒಂದು. 5.6 ಮಿಲಿಮೀಟರ್ ಬೋರು, ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು. ಎನ್‌ಸಿಸಿಯಲ್ಲಿದ್ದವರು ಶಿಬಿರದಲ್ಲಿ ಹಾರಿಸಿರುವ ರೈಫಲಿನ ತೋಟಾ ಇದೇ. ಸೇನೆಯ 9 ಮಿಲಿಮೀಟರ್ ಗುಂಡು ಸುಮಾರು 500 ಜೂಲ್ ಶಕ್ತಿಯೊಂದಿಗೆ ಹೊರಟರೆ ಪಿಸ್ತೂಲಿನಿಂದ ಹೊರಡುವ ಇದರ ಶಕ್ತಿ 130 ಜೂಲ್ ಆಸುಪಾಸು. ಕೈಗೆ ಹೆಚ್ಚು ಒದೆಯುವುದಿಲ್ಲ, ಸದ್ದು ಕಡಿಮೆ. ದಿನಕ್ಕೆ ನೂರು ಗುಂಡು ಹೊಡೆದರೂ ಮಣಿಕಟ್ಟು ಸೋಲುವುದಿಲ್ಲ.

ಕ್ರೀಡಾ ಪಿಸ್ತೂಲು ಅಗ್ಗವಾಗಿ ತಯಾರಾಗಲು ಮೂಲ ಕಾರಣವೂ ಈ ಸಣ್ಣ ತೋಟಾವೇ. ದೊಡ್ಡ ತೋಟಾ ಸಿಡಿದಾಗ ಹುಟ್ಟುವ ಒತ್ತಡವನ್ನು ತಡೆದು ಹಿಡಿಯಲು ನಳಿಗೆ ಮತ್ತು ಅದರ ಹಿಂದಿನ ಭಾಗ ಕ್ಷಣಕಾಲ ಒಂದಕ್ಕೊಂದು ಬೀಗ ಹಾಕಿಕೊಂಡು, ಗುಂಡು ಹೊರಬಿದ್ದ ಮೇಲೆ ಬಿಚ್ಚಿಕೊಳ್ಳಬೇಕಾಗುತ್ತದೆ. ಹಾಗಾಗಿ ಆ ಪಿಸ್ತೂಲುಗಳಲ್ಲಿ ನಳಿಗೆಯೂ ಪ್ರತಿ ಗುಂಡಿಗೂ ಅಲುಗಾಡುತ್ತದೆ. ಪಾಯಿಂಟ್ ಟೂ ಟೂ ತೋಟಾಕ್ಕೆ ಈ ರಗಳೆ ಬೇಡ. ಟ್ರಿಗರ್ ಎಳೆದಾಗ ಒಳಗಿನ ಕೊಕ್ಕೆ ಕಳಚಿ ಸುತ್ತಿಗೆ ಬೀಳುತ್ತದೆ. ಅದರ ಪೆಟ್ಟಿಗೆ ಪಿನ್ ತೋಟಾದ ತಳದ ಅಂಚನ್ನು ಜಜ್ಜುತ್ತದೆ. ಸ್ಫೋಟಕ ಇರುವುದು ಆ ಅಂಚಿನ ಮಡಿಕೆಯೊಳಗೇ. ಗುಂಡು ಮುಂದೆ ಹೊರಟಂತೆ, ಅದೇ ಅನಿಲದ ಒತ್ತಡ ಹಿತ್ತಾಳೆಯ ತೋಟಾವನ್ನು ಹಿಂದಕ್ಕೆ ನೂಕುತ್ತದೆ. ತೋಟಾದ ಹಿಂದೆ ಒತ್ತಿಕೊಂಡಿರುವ ಉಕ್ಕಿನ ಬೋಲ್ಟು ತನ್ನ ತೂಕದ ಜಡತ್ವದಿಂದಲೇ ಒಂದಿಷ್ಟು ತಡವಾಗಿ ಹಿಂದೆ ಸರಿಯುತ್ತದೆ. ಆ ವೇಳೆಗೆ ಗುಂಡು ನಳಿಗೆ ದಾಟಿರುತ್ತದೆ. ಸರಿಯುವ ಬೋಲ್ಟು ಖಾಲಿ ತೋಟಾವನ್ನು ಕೊಕ್ಕೆಯಿಂದ ಎಳೆದು ಬದಿಗೆ ಎಸೆಯುತ್ತದೆ, ಸುತ್ತಿಗೆಯನ್ನು ಮತ್ತೆ ಮೇಲೆತ್ತಿ ನಿಲ್ಲಿಸುತ್ತದೆ. ಬಳಿಕ ಸ್ಪ್ರಿಂಗಿನ ಬಲದಿಂದ ಮುಂದೆ ಮರಳುವಾಗ ಮ್ಯಾಗಜಿನ್‌ನ ಮೇಲಿನ ತೋಟಾವನ್ನು ತಳ್ಳಿಕೊಂಡು ಹೋಗಿ ನಳಿಗೆಯೊಳಗೆ ಕೂರಿಸುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವಷ್ಟರೊಳಗೆ. ಬೀಗವಿಲ್ಲ, ಚಲಿಸುವ ನಳಿಗೆಯಿಲ್ಲ. ಒಂದು ತೂಕ, ಒಂದು ಸ್ಪ್ರಿಂಗ್.

ನಳಿಗೆ ಅಲುಗಾಡದಿರುವುದು ಅಗ್ಗಕ್ಕೆ ಮಾತ್ರವಲ್ಲ, ನಿಖರತೆಗೂ ಲಾಭ. ನಳಿಗೆ ಚೌಕಟ್ಟಿಗೆ ಬಿಗಿಯಾಗಿ ಕೂತಿದ್ದು, ಹಿಂದಿನ ಮತ್ತು ಮುಂದಿನ ಸೈಟುಗಳೂ ಚಲಿಸದ ಭಾಗದ ಮೇಲೇ ಇದ್ದರೆ, ಕಣ್ಣು ನೋಡುವ ಗೆರೆಗೂ ಗುಂಡು ಹೋಗುವ ಗೆರೆಗೂ ಇರುವ ಸಂಬಂಧ ಸಾವಿರ ಗುಂಡಾದರೂ ಬದಲಾಗುವುದಿಲ್ಲ. ಕಡಿಮೆ ಬೆಲೆಯ ಒಳ್ಳೆಯ ಕ್ರೀಡಾ ಪಿಸ್ತೂಲುಗಳೆಲ್ಲ ನಿಂತಿರುವುದು ಈ ಒಂದು ಸರಳ ತತ್ವದ ಮೇಲೆ.

ಇದನ್ನು ಮೊದಲು ಜನಪ್ರಿಯಗೊಳಿಸಿದ್ದು ಜಾನ್ ಬ್ರೌನಿಂಗ್ ವಿನ್ಯಾಸದ, 1915ರಲ್ಲಿ ಮಾರುಕಟ್ಟೆಗೆ ಬಂದ ಕೋಲ್ಟ್ ಪಿಸ್ತೂಲು. ಮುಂದೆ ಅದು ವುಡ್ಸ್‌ಮನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆದರೆ ಅದು ಉಕ್ಕನ್ನು ಕಡೆದು, ನಯಮಾಡಿ ತಯಾರಿಸುವ ಪಿಸ್ತೂಲು, ಹಾಗಾಗಿ ದುಬಾರಿ. ಬೆಲೆಯ ಲೆಕ್ಕವನ್ನೇ ತಿರುವಿದ್ದು ವಿಲಿಯಂ ರೂಗರ್. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನಿಕನೊಬ್ಬ ತಂದಿದ್ದ ಜಪಾನಿನ ನಂಬು ಪಿಸ್ತೂಲನ್ನು ಕೊಂಡು, ಬಿಚ್ಚಿ ನೋಡಿ, ಅದರ ಬೋಲ್ಟಿನ ಕ್ರಮವನ್ನು ಆತ ಅಭ್ಯಾಸ ಮಾಡಿದ. ಅಲೆಕ್ಸಾಂಡರ್ ಸ್ಟರ್ಮ್ ಎಂಬ ಗೆಳೆಯ 50,000 ಡಾಲರ್ ಬಂಡವಾಳ ಹಾಕಿದ. 1949ರಲ್ಲಿ ರೂಗರ್ ಸ್ಟ್ಯಾಂಡರ್ಡ್ ಹೊರಬಂತು, ಬೆಲೆ 37 ಡಾಲರ್ 50 ಸೆಂಟ್. ಅದರ ಹಿಡಿಯ ಚೌಕಟ್ಟನ್ನು ಕಡೆದು ತೆಗೆದಿರಲಿಲ್ಲ. ಲೋಹದ ಹಾಳೆಯನ್ನು ಅಚ್ಚೊತ್ತಿ ಎಡ–ಬಲ ಎಂದು ಎರಡು ಅರ್ಧ ಮಾಡಿ, ನಡುವೆ ಬೆಸುಗೆ ಹಾಕಲಾಗಿತ್ತು. ಮೇಲ್ಭಾಗ ಒಂದು ಉರುಟು ಕೊಳವೆ. ಅದಕ್ಕೆ ನಳಿಗೆಯನ್ನು ತಿರುಗಿಸಿ ಬಿಗಿದು, ಒಳಗೆ ದುಂಡಗಿನ ಬೋಲ್ಟು ಓಡಾಡುವಂತೆ ಮಾಡಿದ್ದರು. ಕೊಳವೆಯೂ ನಳಿಗೆಯೂ ಸೈಟುಗಳೂ ಒಂದೇ ಅಂಗ, ಚಲಿಸುವುದು ಒಳಗಿನ ಬೋಲ್ಟು ಮಾತ್ರ. ಅಗ್ಗವೆಂದರೆ ಕಳಪೆ ಎಂಬ ಮಾತನ್ನು ಸುಳ್ಳುಮಾಡಿದ ಎಂಜಿನಿಯರಿಂಗ್ ಕೆಲಸಗಳ ಪಟ್ಟಿಯಲ್ಲಿ ಇದಕ್ಕೆ ನಿಸ್ಸಂಶಯವಾಗಿ ಜಾಗವಿದೆ.

ಅದರ ಒಂದು ದೋಷ ಮಾತ್ರ ದಶಕಗಟ್ಟಲೆ ಉಳಿಯಿತು. ಶುಚಿ ಮಾಡಲು ಬಿಚ್ಚಿದರೆ ಮತ್ತೆ ಜೋಡಿಸುವುದು ಅನುಭವಿಗಳಿಗೂ ತ್ರಾಸ. 1982ರ ಮಾರ್ಕ್ ಟೂ ಮಾದರಿಯಲ್ಲಿ ಕೊನೆಯ ಗುಂಡಿನ ನಂತರ ಬೋಲ್ಟು ತೆರೆದೇ ನಿಲ್ಲುವ ಸೌಲಭ್ಯ ಬಂತು, ಬಿಚ್ಚುವ ತ್ರಾಸ ಹೋಗಲಿಲ್ಲ. 2016ರ ಮಾರ್ಕ್ ಫೋರ್‌ನಲ್ಲಿ ಹಿಂದಿನ ಗುಂಡಿ ಒತ್ತಿದರೆ ಮೇಲ್ಭಾಗವೆಲ್ಲ ಮುಂದಕ್ಕೆ ಬಾಗಿ ಕಳಚಿಕೊಳ್ಳುವಂತಾಯಿತು. ಮರುವರ್ಷವೇ ಅದರ ಸುರಕ್ಷತಾ ಕೀಲಿ ನಡುಸ್ಥಾನದಲ್ಲಿದ್ದಾಗ ಅಪಾಯವಿದೆಯೆಂದು ಕಂಪನಿ ಮಾರಿದ ಪಿಸ್ತೂಲುಗಳನ್ನು ವಾಪಸು ಕರೆಸಿ ಸರಿಪಡಿಸಿಕೊಟ್ಟಿತು. ಹೊಸ ಮಾದರಿಯ ಮೊದಲ ತಂಡವನ್ನು ಕೊಳ್ಳುವ ಆತುರ ಬೇಡ ಎನ್ನುವುದಕ್ಕೆ ಇದೊಂದು ನಿದರ್ಶನ.

ಇದೇ ದರ್ಜೆಯ ಬೇರೆ ಪಿಸ್ತೂಲುಗಳೂ ಇವೆ. 1985ರಿಂದ ಬಂದಿರುವ ಬ್ರೌನಿಂಗ್ ಬಕ್ ಮಾರ್ಕ್‌ಗೆ ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟು. 2016ರ ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿಯಲ್ಲಿ ಒಂದು ತಿರುಪು ಬಿಚ್ಚಿದರೆ ನಳಿಗೆಯನ್ನೇ ಬದಲಿಸಬಹುದು. ಸೋವಿಯತ್ ಒಕ್ಕೂಟದ ಮಾರ್ಗೊಲಿನ್ ಪಿಸ್ತೂಲಿನ ಕಥೆ ಬೇರೆಯೇ. ಅದರ ವಿನ್ಯಾಸಕಾರ ಮಿಖಾಯಿಲ್ ಮಾರ್ಗೊಲಿನ್ ಯುವಕನಾಗಿದ್ದಾಗಲೇ ಯುದ್ಧದ ಗಾಯದಿಂದ ಪೂರ್ತಿ ದೃಷ್ಟಿ ಕಳೆದುಕೊಂಡವನು. ಪ್ರತಿ ಬಿಡಿಭಾಗದ ಮಾದರಿಯನ್ನು ಕೈಯಾರೆ ಮಾಡಿ, ಬೆರಳಿನಿಂದ ತಡವಿಯೇ ತಿದ್ದುತ್ತಿದ್ದ. ಅವನ ಪಿಸ್ತೂಲಿನಲ್ಲಿ ಹಿಂಭಾಗ ಸರಿದಾಡುತ್ತದೆ. ಹಿಂದಿನ ಸೈಟು ಮಾತ್ರ ಅದರ ಮೇಲಿಲ್ಲ; ಚೌಕಟ್ಟಿಗೆ ಬಿಗಿದ ಕಮಾನಿನ ಮೇಲೆ ಸ್ಥಿರವಾಗಿ ಕೂತಿದೆ. ತತ್ವ ಮತ್ತದೇ.

ಐನೂರು ಡಾಲರ್ ಆಸುಪಾಸಿನ ಈ ಪಿಸ್ತೂಲುಗಳನ್ನು ಕಟ್ಟೆಯ ಮೇಲೆ ಬಿಗಿದು ಹಾರಿಸಿದರೆ, ಎರಡು ಸಾವಿರ ಡಾಲರಿಗೂ ಮೇಲ್ಪಟ್ಟ ಇಟಲಿಯ ಪರ್ದಿನಿ ಅಥವಾ ಜರ್ಮನಿಯ ವಾಲ್ಟರ್ ಪಿಸ್ತೂಲುಗಳಿಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ. ಒಳ್ಳೆಯ ತೋಟಾ ಹಾಕಿದರೆ ಹತ್ತರ ವೃತ್ತದೊಳಗೇ ಗುಂಡುಗಳು ಕೂರುತ್ತವೆ. ನಿಧಾನದ ಸುತ್ತಿನಲ್ಲಿ ಆ ವೃತ್ತದ ಅಡ್ಡಗಲ 5 ಸೆಂಟಿಮೀಟರ್. ಹಾಗಾದರೆ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ? ಟ್ರಿಗರಿಗೆ, ಹಿಡಿಗೆ, ಸೈಟಿಗೆ. ಅಂದರೆ ಮನುಷ್ಯನ ಕೈಯೂ ಕಣ್ಣೂ ಪಿಸ್ತೂಲನ್ನು ಮುಟ್ಟುವ ಜಾಗಗಳಿಗೆ.

ಮೂರರಲ್ಲಿ ಟ್ರಿಗರಿನದೇ ಮೊದಲ ಸ್ಥಾನ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ 25 ಮೀಟರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 1000 ಗ್ರಾಂ ತೂಕ ತಡೆಯಬೇಕು. ಸ್ಪರ್ಧೆಗೆ ಮುಂಚೆ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ ತೂಕದ ಬಟ್ಟು ನೇತುಹಾಕಿ ಎತ್ತುತ್ತಾರೆ. ತೂಕ ನೆಲ ಬಿಟ್ಟು ಎದ್ದರೂ ಸುತ್ತಿಗೆ ಬೀಳದಿದ್ದರೆ ಪಿಸ್ತೂಲು ಪಾಸು. ದುಬಾರಿ ಪಿಸ್ತೂಲಿನಲ್ಲಿ ಈ ಸಾವಿರ ಗ್ರಾಂ ಎರಡು ಹಂತಗಳಲ್ಲಿ ಹಂಚಿಹೋಗಿರುತ್ತದೆ. ಬೆರಳು ಮೊದಲ ಹಂತವನ್ನು ಮೆತ್ತಗೆ ಹಿಂದಕ್ಕೆ ತಂದು ಒಂದು ತಡೆಗೆ ನಿಲ್ಲುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಒತ್ತಡ ಏರಿಸಿದರೆ ಸುತ್ತಿಗೆ ಬೀಳುತ್ತದೆ, ಟ್ರಿಗರ್ ಮತ್ತಷ್ಟು ಹಿಂದೆ ಸರಿಯದೆ ಅಲ್ಲೇ ನಿಲ್ಲುತ್ತದೆ. ಹಂತದ ಉದ್ದ, ಭಾರ, ನಿಲುಗಡೆ ಎಲ್ಲಕ್ಕೂ ಸಣ್ಣ ತಿರುಪುಗಳಿರುತ್ತವೆ. ಕಡಿಮೆ ಬೆಲೆಯ ಪಿಸ್ತೂಲು ಕಾರ್ಖಾನೆಯಿಂದ ಬರುವಾಗ ಎರಡು ಕಿಲೋ ಆಸುಪಾಸಿನ ಬಲ ಬೇಡುತ್ತದೆ, ಎಳೆಯುವಾಗ ನಡುವೆ ಒರಟಾಗಿ ತಡೆಯುತ್ತದೆ, ಸುತ್ತಿಗೆ ಬಿದ್ದ ಮೇಲೂ ಹಿಂದಕ್ಕೆ ಜಾರುತ್ತದೆ. ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುವ ಪಿಸ್ತೂಲನ್ನು ಚಾಚಿದ ಒಂಟಿ ಕೈಯಲ್ಲಿ ಹಿಡಿದು, ಅದರ ತೂಕಕ್ಕಿಂತ ಎರಡರಷ್ಟು ಬಲ ಹಾಕಿ ಎಳೆದರೆ ನಳಿಗೆ ಅತ್ತಿತ್ತ ಸರಿಯದೆ ಇರುವುದೇ? ಹೊಸಬರ ಗುಂಡುಗಳು ಎಡಕ್ಕೂ ಕೆಳಕ್ಕೂ ಚದುರಲು ಮುಖ್ಯ ಕಾರಣ ಇಲ್ಲಿದೆ. ಹೀಗಾಗಿ ಅಗ್ಗದ ಪಿಸ್ತೂಲು ಕೊಂಡವರು ಮೊದಲು ಬದಲಿಸುವ ಬಿಡಿಭಾಗ ಟ್ರಿಗರ್ ಕಟ್ಟು. ಆ ಕೆಲಸ ಪರವಾನಗಿ ಪಡೆದ ಬಂದೂಕು ಮೆಕ್ಯಾನಿಕ್‌ನದು. ಮನೆಯಲ್ಲಿ ಅರ ಹಿಡಿದು ಉಜ್ಜಲು ಹೋದರೆ ಪಿಸ್ತೂಲು ಮುಟ್ಟಿದರೆ ಸಿಡಿಯುವ ಸ್ಥಿತಿಗೆ ಬರುತ್ತದೆ.

ಸೈಟಿನ ಲೆಕ್ಕ ಕಾಗದದ ಮೇಲೆ ಬರೆದು ನೋಡುವಂಥದು. 25 ಮೀಟರ್ ಪಿಸ್ತೂಲಿನಲ್ಲಿ ಹಿಂದಿನ ಸೈಟಿನ ಸೀಳಿಗೂ ಮುಂದಿನ ಕಂಬಕ್ಕೂ ನಡುವೆ ಹೆಚ್ಚೆಂದರೆ 220 ಮಿಲಿಮೀಟರ್ ಇರಬಹುದು. ಇವೆರಡರ ಹೊಂದಾಣಿಕೆ ಒಂದು ಮಿಲಿಮೀಟರ್ ತಪ್ಪಿದರೆ 25 ಮೀಟರ್ ದೂರದಲ್ಲಿ ಗುಂಡು 11 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಕಾಲು ಮಿಲಿಮೀಟರ್ ತಪ್ಪಿದರೂ ಹತ್ತು ಅಂಕ ಕೈಬಿಟ್ಟಂತೆ. ಕೈ ನಡುಗಿ ಇಡೀ ಪಿಸ್ತೂಲು ಒಂದು ಮಿಲಿಮೀಟರ್ ಮೇಲೆ ಕೆಳಗೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ, ಹೆಚ್ಚಿಲ್ಲ. ಆದ್ದರಿಂದಲೇ ತರಬೇತುದಾರರು ಗುರಿಫಲಕ ಮಸುಕಾದರೂ ಚಿಂತೆಯಿಲ್ಲ, ಮುಂದಿನ ಸೈಟು ಸ್ಪಷ್ಟವಾಗಿರಲಿ ಎಂದು ದಿನವೂ ಹೇಳುತ್ತಾರೆ. ಕೊಳ್ಳುವವರು ನೋಡಬೇಕಾದದ್ದು ಹಿಂದಿನ ಸೈಟನ್ನು ತಿರುಪಿನಿಂದ ಎಡ–ಬಲ, ಮೇಲೆ–ಕೆಳಗೆ ಸರಿಸಲು ಬರುತ್ತದೆಯೇ, ಪ್ರತಿ ತಿರುವಿಗೂ ಟಿಕ್ ಎಂಬ ಸದ್ದಿನೊಂದಿಗೆ ಸಮನಾಗಿ ಸರಿಯುತ್ತದೆಯೇ ಎಂದು. ಹೀಗೆ ತಿದ್ದಲಾಗದ ಸೈಟಿನ ಪಿಸ್ತೂಲು ಎಷ್ಟೇ ಅಗ್ಗವಾಗಿ ಸಿಕ್ಕರೂ ಕ್ರೀಡೆಗೆ ಆಗುವುದಿಲ್ಲ.

ಹಿಡಿಯ ವಿಷಯದಲ್ಲಿ ಎರಡು ಪಂಥಗಳಿವೆ. ರೂಗರ್, ಬಕ್ ಮಾರ್ಕ್, ಮಾರ್ಗೊಲಿನ್‌ಗಳಲ್ಲಿ ಮ್ಯಾಗಜಿನ್ ಹಿಡಿಯೊಳಗೇ ಇದೆ. 1968ರ ವಾಲ್ಟರ್ ಜಿಎಸ್‌ಪಿ ಮತ್ತು ಪರ್ದಿನಿಯಲ್ಲಿ ಅದು ಟ್ರಿಗರಿನ ಮುಂದೆ. ಮುಂದಿದ್ದರೆ ಹಿಡಿ ಪೂರ್ತಿ ಮರದ್ದಾಗಿ, ಅಂಗೈಯ ಏರಿಳಿತಕ್ಕೆ ತಕ್ಕಂತೆ ಕೆತ್ತಲು ಬರುತ್ತದೆ. ತೂಕ ಮುಂದಕ್ಕೆ ಸರಿದು ನಳಿಗೆ ಗುಂಡಿಗೆ ಕಡಿಮೆ ಜಿಗಿಯುತ್ತದೆ. ಸ್ಪರ್ಧೆಯ ಹಿಡಿಗಳು ಸಾಮಾನ್ಯವಾಗಿ ವಾಲ್‌ನಟ್ ಮರದವು, ಬಲಗೈಗೂ ಎಡಗೈಗೂ ಬೇರೆ, ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ ಬರುತ್ತವೆ. ಅಂಗೈಯ ಕೆಳಗೆ ಆಸರೆಯಾಗಿ ಒಂದು ಮರದ ಕಟ್ಟೆ ಇರುತ್ತದೆ. ಕೈಗೆ ಸರಿಹೋಗದ ಕಡೆ ಮರ ಕೆರೆದು, ಸಾಲದ ಕಡೆ ಮರಗೆಲಸದ ಪುಟ್ಟಿ ತುಂಬಿ ತಿದ್ದಿಕೊಳ್ಳುವುದು ಶೂಟರುಗಳ ಹಳೆಯ ರೂಢಿ. ಅಗ್ಗದ ಪಿಸ್ತೂಲಿನ ಚಪ್ಪಟೆ ರಬ್ಬರ್ ಹಿಡಿ ತೆಗೆದು ಇಂಥದೊಂದನ್ನು ಹಾಕಿಕೊಂಡರೆ ಅಂಕ ಏರುತ್ತದೆ. ನಿಯಮದ ಮಿತಿಗಳನ್ನು ಮಾತ್ರ ಮರೆಯಬಾರದು: ಪಿಸ್ತೂಲು 1400 ಗ್ರಾಂ ಮೀರಬಾರದು, 300, 150, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು, ಹಿಡಿ ಮಣಿಕಟ್ಟಿಗೆ ಆಸರೆಯಾಗಬಾರದು.

ತೋಟಾ ಸಿಕ್ಕಿಹಾಕಿಕೊಳ್ಳುವುದು ಈ ದರ್ಜೆಯ ಪಿಸ್ತೂಲುಗಳ ಸಾಮಾನ್ಯ ಕಾಯಿಲೆ. ಪಾಯಿಂಟ್ ಟೂ ಟೂ ಗುಂಡಿನ ಮೇಲೆ ಮೇಣದ ಲೇಪ ಇರುತ್ತದೆ. ಮೇಣ, ಸೀಸ, ಮಸಿ ಮೂರೂ ಸೇರಿ ಬೋಲ್ಟಿನ ದಾರಿಯಲ್ಲಿ ಗಟ್ಟಿಯಾಗುತ್ತವೆ. ತೋಟಾ ದುರ್ಬಲವಾಗಿದ್ದರೆ ಬೋಲ್ಟು ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಬಾಗಿಲಲ್ಲೇ ಕಚ್ಚಿಕೊಳ್ಳುತ್ತದೆ. ಮ್ಯಾಗಜಿನ್‌ನ ತುಟಿ ತುಸು ಬಾಗಿದರೂ ಹಾಗೇ ಆಗುತ್ತದೆ. ಸ್ಪರ್ಧೆಯಲ್ಲಿ ಹೀಗಾದಾಗ ಶೂಟರ್ ಪಿಸ್ತೂಲನ್ನು ಗುರಿಯ ದಿಕ್ಕಿಗೇ ಹಿಡಿದು, ಇನ್ನೊಂದು ಕೈಯೆತ್ತಿ ಅಧಿಕಾರಿಯನ್ನು ಕರೆಯಬೇಕು. ತಾನೇ ಬಿಚ್ಚಲು ಹೋದರೆ ಆ ಸುತ್ತು ಕಳೆದುಕೊಳ್ಳುವ ಸಂಭವವಿದೆ. ಮಾದರಿಗೆ ಯಾವ ತೋಟಾ ಒಗ್ಗುತ್ತದೆ ಎಂದು ಮೂರ್ನಾಲ್ಕು ತಯಾರಕರದನ್ನು ಹಾರಿಸಿ ನೋಡಿ, ಒಂದಕ್ಕೆ ಅಂಟಿಕೊಂಡವರಿಗೆ ಈ ತಾಪತ್ರಯ ಕಡಿಮೆ.

ಭಾರತದಲ್ಲಿ ಬೆಲೆಯ ಮಾತಿಗೆ ಮೊದಲು ಕಾನೂನಿನ ಮಾತು ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪಿಸ್ತೂಲು ಇಟ್ಟುಕೊಳ್ಳಲು ಪರವಾನಗಿ ಬೇಕು, 21 ವರ್ಷ ತುಂಬಿರಬೇಕು. 9 ಮಿಲಿಮೀಟರಿನಂಥ ಬೋರುಗಳು ನಾಗರಿಕರಿಗೆ ನಿಷಿದ್ಧ; ಪಾಯಿಂಟ್ ಟೂ ಟೂ ನಿಷಿದ್ಧವಲ್ಲ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದು, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಸಾಧನೆ ತೋರಿದ ಕ್ರೀಡಾಪಟುಗಳಿಗೆ ಸಂಖ್ಯೆಯಲ್ಲಿ ಪ್ರತ್ಯೇಕ ವಿನಾಯಿತಿಯಿದೆ. ವಿದೇಶಿ ಪಿಸ್ತೂಲನ್ನು ಯಾರು ಬೇಕಾದರೂ ತರಿಸಿಕೊಳ್ಳುವಂತಿಲ್ಲ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಪರ್ಧೆಗಳಲ್ಲಿ ನಿಗದಿತ ಅಂಕ ಗಳಿಸಿ ‘ಹೆಸರಾಂತ ಶೂಟರ್’ ದರ್ಜೆ ಪಡೆದವರಿಗೆ ಆಮದಿನ ಅವಕಾಶ. ಅಮೆರಿಕದ ಅಂಗಡಿಯಲ್ಲಿ ಐನೂರು ಡಾಲರಿಗೆ ಸಿಗುವ ಪಿಸ್ತೂಲು ಇಲ್ಲಿ ಆ ಬೆಲೆಗೆ ಸಿಗುವ ಮಾತೇ ಇಲ್ಲ. ಹಾಗಾಗಿ ಇಲ್ಲಿನ ಹೆಚ್ಚಿನವರು 25 ಮೀಟರ್ ಅಭ್ಯಾಸ ಆರಂಭಿಸುವುದು ರೈಫಲ್ ಕ್ಲಬ್ಬಿನ ಪಿಸ್ತೂಲಿನಿಂದ, ಕ್ಲಬ್ಬಿನ ರೇಂಜಿನಲ್ಲೇ. ಕರ್ನಾಟಕದಲ್ಲಿ ಈ ಕ್ರೀಡೆಯ ಹೊಣೆ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯದು.

ಹಳ್ಳಿಗಳ ಕಡೆ ಮಾತೇ ಬೇರೆ. ಬಳ್ಳಾರಿ–ಚಳ್ಳಕೆರೆ ಹೆದ್ದಾರಿಯ ಮೇಲಿರುವ ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಂಥ ಊರಿನಲ್ಲಿ ಬಂದೂಕು ಎಂದರೆ ಬೆಳೆ ಕಾಯುವ ನಾಡಕೋವಿ. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಯನ್ನೋ ಕಲ್ಲುಗುಡ್ಡದಿಂದ ಇಳಿಯುವ ಕರಡಿಯನ್ನೋ ಬೆದರಿಸಲು ಇಟ್ಟುಕೊಂಡದ್ದು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುವಂಥದು. ಬೆಳೆ ರಕ್ಷಣೆಯ ಆ ಪರವಾನಗಿಯಲ್ಲಿ ಕ್ರೀಡಾ ಪಿಸ್ತೂಲು ಬರುವುದಿಲ್ಲ. ಪಿಸ್ತೂಲಿಗೆ ಚಿತ್ರದುರ್ಗದಲ್ಲಿ ಜಿಲ್ಲಾ ದಂಡಾಧಿಕಾರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಪೊಲೀಸ್ ವರದಿ, ಬಂದೂಕು ಸುರಕ್ಷತೆಯ ತರಬೇತಿಯ ಪ್ರಮಾಣಪತ್ರ, ಕ್ಲಬ್ಬಿನ ಸದಸ್ಯತ್ವ ಎಲ್ಲ ಆಗಬೇಕು.

ಇಂಥ ಊರಿನ ಹುಡುಗ ಹುಡುಗಿಯರಿಗೆ ನಿಜವಾಗಿ ಕೈಗೆಟಕುವ ಕ್ರೀಡಾ ಪಿಸ್ತೂಲು ಏರ್ ಪಿಸ್ತೂಲು. ಅದು ಸೆಮಿ-ಆಟೊಮ್ಯಾಟಿಕ್ ಅಲ್ಲ. ಪ್ರತಿ ಸಲ ಒಂದೊಂದೇ 4.5 ಮಿಲಿಮೀಟರ್ ಪೆಲೆಟನ್ನು ಕೈಯಿಂದ ತುಂಬಬೇಕು. ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿ ಅದನ್ನು ನೂಕುತ್ತದೆ, ಶಕ್ತಿ 7 ಜೂಲ್ ಆಸುಪಾಸು. 4.5 ಮಿಲಿಮೀಟರ್ ಬೋರು ಮತ್ತು 20 ಜೂಲ್ ಮೀರದ ಏರ್ ಗನ್ನುಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಸ್ವಿಟ್ಜರ್ಲೆಂಡಿನ ಮೊರಿನಿ, ಆಸ್ಟ್ರಿಯಾದ ಸ್ಟೆಯರ್‌ನಂಥವುಗಳ ಬೆಲೆ ಲಕ್ಷ ರೂಪಾಯಿ ಮೀರುತ್ತದೆ. ಭಾರತೀಯ ತಯಾರಕರ ಪಿಸ್ತೂಲುಗಳು ಅದಕ್ಕಿಂತ ಎಷ್ಟೋ ಕಡಿಮೆಗೆ ಬರುತ್ತವೆ. ಟ್ರಿಗರ್ ತೂಕ 500 ಗ್ರಾಂ, ತಿದ್ದಿಕೊಳ್ಳುವ ಸೈಟು, ಮರದ ಹಿಡಿ. 25 ಮೀಟರ್ ಪಿಸ್ತೂಲಿಗೆ ಬೇಕಾದ ಪಾಠವೆಲ್ಲ ಇದರಲ್ಲೇ ಕಲಿಯಬಹುದು. ರೇಂಜಿಗೂ ದೊಡ್ಡ ಜಾಗ ಬೇಡ. ಹತ್ತು ಮೀಟರ್ ದೂರ, ನೆಲದಿಂದ 1.4 ಮೀಟರ್ ಎತ್ತರದಲ್ಲಿ ಗುರಿಯ ನಡುಬಿಂದು, ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಯಾರೂ ಅಡ್ಡ ಬರದಂತೆ ಮುಚ್ಚಿದ ಬಾಗಿಲು ಇದ್ದರೆ ಸಾಕು. ಗುರಿಯಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್, ಸುಮಾರು ಒಂದು ಶೇಂಗಾ ಬೀಜದಷ್ಟು.

ಕರ್ನಾಟಕದ ದೊಡ್ಡ ಪದಕಗಳು ಬಂದಿರುವುದೂ ಈ ದಾರಿಯಲ್ಲೇ. ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದ ಪ್ರಕಾಶ್ ನಂಜಪ್ಪ 2013ರ ಚಾಂಗ್‌ವನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖದ ಒಂದು ಬದಿ ಪಾರ್ಶ್ವವಾಯುವಿಗೆ ತುತ್ತಾದರೂ ಚೇತರಿಸಿಕೊಂಡು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ 2023ರಲ್ಲಿ ಸರಬ್ಜೋತ್ ಸಿಂಗ್ ಜೊತೆಗೂಡಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ವಿಭಾಗದಲ್ಲಿ ಚಿನ್ನ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು.

ದುಬಾರಿ ಪಿಸ್ತೂಲು ಕೈಕೊಡುವುದಿಲ್ಲವೆಂಬ ಭರವಸೆಯೂ ಇಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಏರ್ ಪಿಸ್ತೂಲು ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಮೂರು ವರ್ಷದ ಬಳಿಕ ಅದೇ ಸ್ಪರ್ಧೆಯಲ್ಲಿ ಅವರು ಕಂಚು ಗೆದ್ದರು.

ಕ್ಲಬ್ಬಿನಲ್ಲಿ ಪಾಯಿಂಟ್ ಟೂ ಟೂ ಪಿಸ್ತೂಲು ಹಿಡಿಯುವ ಹಂತಕ್ಕೆ ಬಂದವರು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು ಕೆಲವೇ. ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ ಎಂದು ನಂಬಬಾರದು, ಒಂದು ತೋಟಾ ನಳಿಗೆಯಲ್ಲೇ ಉಳಿದಿರಬಹುದು. ಬೋಲ್ಟು ಹಿಂದಕ್ಕೆಳೆದು ಕಣ್ಣಾರೆ ನೋಡಿ, ಬೆಂಚಿನ ಮೇಲಿಡುವಾಗ ನಳಿಗೆಯ ಹಿಂಬದಿಯಲ್ಲಿ ಕಾಣುವಂತೆ ಸುರಕ್ಷತಾ ಬಾವುಟ ತೂರಿಸಿಡಬೇಕು. ನಳಿಗೆಯ ಬಾಯಿ ಗುರಿಯ ದಿಕ್ಕಿಗೇ ಇರಬೇಕು. ಹೊಡೆಯುವ ಕ್ಷಣದವರೆಗೂ ಬೆರಳು ಟ್ರಿಗರಿನ ಹೊರಗಿರಬೇಕು. ಕಾಗದಪತ್ರವಿಲ್ಲದೆ, ಅಗ್ಗಕ್ಕೆ ಕೊಡುತ್ತೇನೆಂದು ಯಾರಾದರೂ ಪಿಸ್ತೂಲು ತೋರಿಸಿದರೆ ಅದನ್ನು ಮುಟ್ಟಲೂ ಹೋಗಬಾರದು. ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಳ್ಳುವುದು ಜೈಲು ಶಿಕ್ಷೆಯ ಅಪರಾಧ.

ಮೊದಲ ಎರಡು–ಮೂರು ವರ್ಷಕ್ಕೆ ದೇಶದಲ್ಲೇ ತಯಾರಾದ ಏರ್ ಪಿಸ್ತೂಲು, ಆಮೇಲೆ ಕ್ಲಬ್ಬಿನ ಪಾಯಿಂಟ್ ಟೂ ಟೂ, ರಾಜ್ಯ ಮಟ್ಟದಲ್ಲಿ ಅಂಕ ಕುದುರಿದ ಮೇಲಷ್ಟೇ ಸ್ವಂತ ಪಿಸ್ತೂಲಿನ ಅರ್ಜಿ. ಕೈಯಲ್ಲಿರುವ ಹಣದಲ್ಲಿ ಹೆಚ್ಚಿನ ಪಾಲು ಪೆಲೆಟಿಗೆ, ತೋಟಾಕ್ಕೆ, ತರಬೇತುದಾರರಿಗೆ ಹೋಗಲಿ.